ಆಡದ ಆಟಗಳ ಓದು

ನಮ್ಮ ಮನೆಯ ಅಟ್ಟದಲ್ಲಿ ಎರಡು ಬಗೆಯ ಸರಕಿದೆ. ಒಂದು, ತಿಪಟೂರು ಸೀಮೆಯಲ್ಲಿ ತೋಟವಿರುವ ಯಾರ ಮನೆಯಲ್ಲೂ ಇರುವಂಥದ್ದು: ಕೊಬ್ಬರಿಯಾಗಲೆಂದು ಹಾಕಿಟ್ಟ ತೆಂಗಿನಕಾಯಿ. ಇನ್ನೊಂದು, ಈ ಸುತ್ತಿನಲ್ಲಿ ಬೇರೆ ಯಾರ ಮನೆಯಲ್ಲೂ ನಾನು ಕಾಣದ್ದು: ತಗಡಿನ ಟ್ರಂಕಿನ ತುಂಬ ವಿಡಿಯೊ ಗೇಮ್ ಪತ್ರಿಕೆಗಳು. ಕಾಯಿ ಹತ್ತು-ಹನ್ನೊಂದು ತಿಂಗಳು ಅಲ್ಲೇ ಒಣಗಿ, ಅಲ್ಲಾಡಿಸಿದರೆ ಗಿಟುಕು ಗುಡುಗುಡು ಅನ್ನುವ ಹೊತ್ತಿಗೆ ಕೆಳಗಿಳಿದು ಮಂಡಿಗೆ ಹೋಗುತ್ತದೆ. ಪತ್ರಿಕೆಗಳು ಭಾನುವಾರ ಮಧ್ಯಾಹ್ನ ಇಳಿದು ಜಗುಲಿಗೆ ಬರುತ್ತವೆ, ಸಂಜೆ ಮತ್ತೆ ಅಟ್ಟ ಹತ್ತುತ್ತವೆ.

‘ಆಟಾನ ಆಡ್ತಾರೆ ಕಣಪ್ಪ, ಯಾರಾದ್ರೂ ಓದ್ತಾರ?’ ಎಂದು ಅಜ್ಜಿ ಕೇಳುತ್ತಿದ್ದಳು. ಓದುತ್ತಾರೆ. ನಾನು ಓದಿದ್ದೇನೆ, ಈಗಲೂ ಓದುತ್ತೇನೆ. ಟ್ರಂಕಿನಲ್ಲಿರುವ ಪತ್ರಿಕೆಗಳು ಹೊಗಳಿದ, ತೆಗಳಿದ ಆಟಗಳಲ್ಲಿ ಮುಕ್ಕಾಲು ಪಾಲನ್ನು ನಾನು ಇವತ್ತಿನವರೆಗೂ ಆಡಿಲ್ಲ. ಆದರೂ ಅವುಗಳ ಕೋಟೆ ಯಾವುದು, ಗುಪ್ತದ್ವಾರ ಎಲ್ಲಿದೆ, ಕೊನೆಯ ರಾಕ್ಷಸ ಹೇಗೆ ಸಾಯುತ್ತಾನೆ ಎಲ್ಲ ಗೊತ್ತು. ಇದರಲ್ಲಿ ವಿಚಿತ್ರವೇನೂ ಇಲ್ಲ. ಕಣ್ಣಾರೆ ಒಂದೂ ಟೆಸ್ಟ್ ಮ್ಯಾಚ್ ನೋಡದ ನಮ್ಮ ತಾತ, ಮಾರನೇ ದಿನದ ಪೇಪರಿನಲ್ಲಿ ವರದಿ ಓದಿಯೇ ಜಿ.ಆರ್. ವಿಶ್ವನಾಥರ ಸ್ಕ್ವೇರ್ ಕಟ್ ಹೇಗಿರುತ್ತದೆಂದು ಕೈ ಬೀಸಿ ತೋರಿಸುತ್ತಿದ್ದರು. ಅದೂ ಇದೂ ಒಂದೇ ಬಗೆಯ ಸುಖ.

ನಾನು ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ತೋಟ ಹೊನ್ನವಳ್ಳಿ ಕಡೆಗಿದೆ. ಆಟಗಳ ಲೋಕದ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಕಾಗದದ ಮೇಲಿಂದಲೇ ಬಂದದ್ದು. ಆಟ ಸಿಗಲಿಲ್ಲವೆಂದು ಪತ್ರಿಕೆ ಓದಿ ಸಮಾಧಾನ ಮಾಡಿಕೊಂಡೆ ಎಂದು ಯಾರಾದರೂ ಕನಿಕರಿಸಿದರೆ ಒಪ್ಪುವುದಿಲ್ಲ. ಆಡುವ ಸುಖ ಬೇರೆ, ಓದುವ ಸುಖ ಬೇರೆ. ಎರಡನೆಯದಕ್ಕೆ ತನ್ನದೇ ರುಚಿಯಿದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಒಳಗೆ ಏನಿರುತ್ತದೆ

ಇಂಥ ಪತ್ರಿಕೆಯನ್ನು ಕೈಯಲ್ಲಿ ಹಿಡಿಯದವರಿಗೆ ಮೊದಲು ಅದರ ಕಟ್ಟು ಹೇಳಬೇಕು. ಶುರುವಿನಲ್ಲಿ ಸುದ್ದಿ. ಆಮೇಲೆ ಮುನ್ನೋಟ, ಅಂದರೆ ಇನ್ನೂ ತಯಾರಾಗುತ್ತಿರುವ ಆಟವನ್ನು ಪತ್ರಕರ್ತ ಹೋಗಿ ನೋಡಿ ಬಂದು ಬರೆದದ್ದು. ನಡುವೆ ಪತ್ರಿಕೆಯ ಜೀವಾಳವಾದ ವಿಮರ್ಶೆಗಳು. ಒಂದೊಂದು ಆಟಕ್ಕೂ ಹತ್ತಕ್ಕೆ ಇಷ್ಟು, ನೂರಕ್ಕೆ ಇಷ್ಟು ಎಂದು ಅಂಕ. ನಂತರ ಕಷ್ಟದ ಆಟವನ್ನು ಹೆಜ್ಜೆ ಹೆಜ್ಜೆಗೂ ದಾಟಿಸುವ ಪುಟಗಳು, ನಕ್ಷೆಗಳು, ಚೀಟ್ ಕೋಡ್‌ಗಳು. ಕೊನೆಯಲ್ಲಿ ಓದುಗರ ಪತ್ರ. ಅಲ್ಲಿ ಸದಾ ಜಗಳ.

ಇವುಗಳಲ್ಲಿ ನನಗೆ ನಕ್ಷೆಯ ಪುಟಗಳ ಮೇಲೆ ಹೆಚ್ಚು ಪ್ರೀತಿ. ಕಂಪ್ಯೂಟರಿನಲ್ಲೇ ಪರದೆಯ ಚಿತ್ರ ಹಿಡಿಯುವ ಸೌಲಭ್ಯ ಇಲ್ಲದ ಕಾಲದಲ್ಲಿ ಪತ್ರಿಕೆಯವರು ಕೋಣೆ ಕತ್ತಲು ಮಾಡಿ, ಟಿವಿ ಎದುರು ಕ್ಯಾಮೆರಾ ನಿಲ್ಲಿಸಿ, ಒಬ್ಬ ಆಡುತ್ತಿದ್ದಂತೆ ಇನ್ನೊಬ್ಬ ಫೋಟೊ ತೆಗೆಯುತ್ತಿದ್ದ. ಒಂದು ಲೆವೆಲ್ಲಿನ ಪೂರ್ತಿ ನಕ್ಷೆ ಬೇಕೆಂದರೆ ಪರದೆ ಪರದೆಯಾಗಿ ಫೋಟೊ ಹಿಡಿದು, ಕತ್ತರಿಸಿ, ಸಾಲಾಗಿ ಅಂಟಿಸಬೇಕಿತ್ತು. ಆಡುವವನಿಗೆ ಒಂದು ಸಲಕ್ಕೆ ಕಾಣುವುದು ಒಂದು ಪರದೆಯಷ್ಟೇ ಜಾಗ. ಓದುವವನಿಗೆ ಮಾತ್ರ ಇಡೀ ಊರು ಒಂದೇ ನೋಟಕ್ಕೆ ಕಾಣುತ್ತಿತ್ತು: ಇಲ್ಲಿ ಹಾರಿದರೆ ನಾಣ್ಯ, ಇಲ್ಲಿ ಬಿದ್ದರೆ ಸಾವು, ಈ ಗೋಡೆಯ ಹಿಂದೆ ಯಾರಿಗೂ ಕಾಣದ ಕೋಣೆ.

ಕಾಗದದ ಮೇಲೆ ಹುಟ್ಟಿದ ಲೋಕ

ಈ ಬಗೆಯ ಪತ್ರಿಕೆಗೆ ವಯಸ್ಸು ಹೆಚ್ಚೇನೂ ಆಗಿಲ್ಲ. 1981ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ‘ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್’, ಅದೇ ಹೊತ್ತಿಗೆ ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಹೊರಬಂದವು. ಆ ದಿನಗಳ ಪತ್ರಿಕೆಗಳಲ್ಲಿ ಒಂದು ಸೋಜಿಗವಿತ್ತು. ಪುಟಗಟ್ಟಲೆ ಬೇಸಿಕ್ ಭಾಷೆಯ ಪ್ರೋಗ್ರಾಮುಗಳನ್ನೇ ಅಚ್ಚು ಹಾಕುತ್ತಿದ್ದರು. ಓದುಗ ಅದನ್ನು ಸಾಲು ಸಾಲಾಗಿ ತನ್ನ ಮನೆಯ ಕಂಪ್ಯೂಟರಿಗೆ ಟೈಪ್ ಮಾಡಿದರೆ ಆಟ ತಯಾರು. ಒಂದು ಕಾಮಾ ತಪ್ಪಿದರೂ ಓಡುವುದಿಲ್ಲ. ಅಂದರೆ ಆಗ ಪತ್ರಿಕೆಯೇ ಆಟದ ಡಬ್ಬಿಯಾಗಿತ್ತು.

ಜಪಾನಿನಲ್ಲಿ 1986ರಲ್ಲಿ ಶುರುವಾದ ‘ಫಾಮಿತ್ಸು’ ವಿಮರ್ಶೆಗೆ ಒಂದು ಪಂಚಾಯಿತಿ ಪದ್ಧತಿ ತಂದಿತು. ಒಂದು ಆಟಕ್ಕೆ ನಾಲ್ವರು ವಿಮರ್ಶಕರು, ತಲಾ ಹತ್ತು ಅಂಕ, ಒಟ್ಟು ನಲವತ್ತು. ಆ ನಲವತ್ತಕ್ಕೆ ನಲವತ್ತು ಮೊದಲು ಸಿಕ್ಕಿದ್ದು 1998ರಲ್ಲಿ, ಝೆಲ್ಡಾ ಸರಣಿಯ ‘ಒಕರಿನಾ ಆಫ್ ಟೈಮ್’ ಆಟಕ್ಕೆ. 1988ರಲ್ಲಿ ನಿಂಟೆಂಡೊ ಕಂಪನಿ ಅಮೆರಿಕದ ಮಕ್ಕಳಿಗಾಗಿ ‘ನಿಂಟೆಂಡೊ ಪವರ್’ ತಂದಿತು. ಮೊದಲ ಸಂಚಿಕೆಯ ಮುಖಪುಟದಲ್ಲಿ ಜೇಡಿಮಣ್ಣಿನಲ್ಲಿ ಮಾಡಿದ ಮಾರಿಯೊ. ಅದು 2012ರ ಡಿಸೆಂಬರ್ ಸಂಚಿಕೆಗೆ ನಿಂತುಹೋಯಿತು. 1993ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಎಡ್ಜ್’ ದೊಡ್ಡವರಿಗೆಂದೇ ಬರೆಯಿತು. ಅದರ ವಿಮರ್ಶೆಗಳ ಕೆಳಗೆ ಬರೆದವರ ಹೆಸರು ಇರುವುದಿಲ್ಲ, ಮಾತಾಡುವುದು ಪತ್ರಿಕೆಯೇ.

ತಿಪಟೂರಿಗೆ ಬಂದ ದಾರಿ

ಇದೆಲ್ಲ ನಡೆಯುವಾಗ ನಮ್ಮ ಕಡೆ ಏನಿತ್ತು? ತೊಂಬತ್ತರ ದಶಕದಲ್ಲಿ ತಿಪಟೂರಿನ ಕೆಲವು ಮನೆಗಳಿಗೆ ‘ಟಿವಿ ಗೇಮ್’ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ, ನಿಂಟೆಂಡೊ ಯಂತ್ರದ ನಕಲು ಡಬ್ಬಿ. ಅದಕ್ಕೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು; ಒಳಗೆ ಅವೇ ಬೆರಳೆಣಿಕೆಯ ಆಟಗಳು ಬಣ್ಣ ಬದಲಿಸಿ ಬರುತ್ತಿದ್ದವು. ಎಲ್ಲರಿಗೂ ಬೇಕಿದ್ದದ್ದು ‘ಕಾಂಟ್ರಾ’. ಮೂರೇ ಲೈಫಿನಲ್ಲಿ ಅದನ್ನು ಮುಗಿಸುವುದು ನಮ್ಮಂಥವರಿಂದ ಆಗದ ಮಾತು.

ಆಗ ಗೆಳೆಯನೊಬ್ಬ ತನ್ನ ಗಣಿತದ ನೋಟ್ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಂಡು ಬಂದ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಒತ್ತಿದರೆ ಮೂವತ್ತು ಲೈಫ್! ಅವನಿಗೆ ಅದು ಬೆಂಗಳೂರಿನ ನೆಂಟರ ಹುಡುಗನಿಂದ, ಆ ಹುಡುಗನಿಗೆ ಯಾವುದೋ ವಿದೇಶಿ ಪತ್ರಿಕೆಯಿಂದ ಸಿಕ್ಕಿತ್ತು. ಇದರ ಮೂಲ ಕಥೆ ನನಗೆ ತಿಳಿದದ್ದು ಬಹಳ ಆಮೇಲೆ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಎಂಬಾತ ‘ಗ್ರೇಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ತರುತ್ತಿದ್ದಾಗ, ಪರೀಕ್ಷೆಗೆಂದು ಆಡುವುದು ತನಗೇ ಕಷ್ಟವಾಗಿ, ಸಲೀಸಾಗಲೆಂದು ಈ ಗುಪ್ತ ಸಂಜ್ಞೆ ಸೇರಿಸಿಕೊಂಡ. ತೆಗೆಯುವುದು ಮರೆತೇ ಹೋಯಿತು. 1986ರಲ್ಲಿ ಆಟ ಅದರ ಸಮೇತ ಮಾರುಕಟ್ಟೆಗೆ ಬಂತು. ಮುಂದೆ ಕಾಂಟ್ರಾದಲ್ಲೂ ಅದನ್ನು ಉಳಿಸಿಕೊಂಡರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಅದು ಲೋಕ ಸುತ್ತಿದ್ದು ಪತ್ರಿಕೆಗಳ ಪುಟಗಳಿಂದ ಮತ್ತು ನೋಟ್ ಪುಸ್ತಕಗಳ ಕೊನೇ ಹಾಳೆಗಳಿಂದ.

ಪತ್ರಿಕೆ ನನ್ನ ಕೈಗೇ ಬಂದದ್ದು ಕಾಲೇಜಿನ ದಿನಗಳಲ್ಲಿ. 2001ರಲ್ಲಿ ‘ಡಿಜಿಟ್’ ಎಂಬ ಕಂಪ್ಯೂಟರ್ ಮಾಸಿಕ ಮುಂಬಯಿಯಿಂದ ಶುರುವಾಯಿತು. ಅದೇ ಬಳಗ ಬರೀ ಆಟಗಳಿಗೆಂದು ‘ಸ್ಕೋರ್’ ಎಂಬ ಇನ್ನೊಂದು ಪತ್ರಿಕೆ ತಂದಿತು. ಕೆಲವು ವರ್ಷ ನಡೆದು ಆಮೇಲೆ ಅದು ಡಿಜಿಟ್‌ನ ಒಳಪುಟಗಳಾಗಿ ಉಳಿಯಿತು. ಬಿ.ಎಚ್. ರಸ್ತೆಯ ಪೇಪರ್ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಒಂದು ಪ್ರತಿ ತರಿಸಿಕೊಡುತ್ತಿದ್ದರು. ಇಂಗ್ಲಿಷ್ ಪತ್ರಿಕೆ, ನಾನು ಕನ್ನಡ ಮಾಧ್ಯಮದವನು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಓದಬೇಕಾಗಿತ್ತು. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ವಿದೇಶಿ ಪತ್ರಿಕೆಗಳು ವರ್ಷ ಹಳತಾಗಿ, ಮೂಲೆ ಮಡಿಸಿಕೊಂಡು, ಅಗ್ಗಕ್ಕೆ ಸಿಗುತ್ತಿದ್ದವು. ನನ್ನ ಟ್ರಂಕಿನ ‘ಎಡ್ಜ್’ ಸಂಚಿಕೆಗಳೆಲ್ಲ ಹಾಗೆ ಬಂದವು.

ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ. ಇನ್ನೊಂದು ಆಕರ್ಷಣೆ. ಅದರಲ್ಲಿ ಡೆಮೊಗಳು, ಅಂದರೆ ಹೊಸ ಆಟದ ಮೊದಲ ಲೆವೆಲ್ ಮಾತ್ರ. ಅದರ ಬೆಲೆ ಇಂದಿನ ಮಕ್ಕಳಿಗೆ ತಿಳಿಯಬೇಕಾದರೆ ಒಂದು ಲೆಕ್ಕ ಹಾಕಬೇಕು. ಒಂದು ಸಿ.ಡಿ.ಯಲ್ಲಿ 650 ಎಂ.ಬಿ. ಹಿಡಿಯುತ್ತದೆ. ಆಗ ನಮ್ಮೂರಲ್ಲಿದ್ದದ್ದು ಟೆಲಿಫೋನ್ ತಂತಿಯ ಡಯಲ್ ಅಪ್. ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಆ ವೇಗ ಒಂದು ಕ್ಷಣವೂ ಕಡಿಮೆಯಾಗದೆ ಬಂದರೂ ಒಂದು ಸಿ.ಡಿ.ಯಷ್ಟು ಸರಕು ಇಳಿಸಲು 25 ಗಂಟೆಗೂ ಹೆಚ್ಚು ಹೊತ್ತು ಬೇಕು. ನಡುವೆ ಯಾರಾದರೂ ನೆಂಟರು ಫೋನ್ ಮಾಡಿದರೆ ಲೈನ್ ಕಟ್. ಪತ್ರಿಕೆಯ ಬೆನ್ನಿಗಂಟಿ ಬಂದ ಆ ತಟ್ಟೆ ನಮಗೆ ಒಂದು ದಿನರಾತ್ರಿಯ ಇಂಟರ್ನೆಟ್ಟು.

ಆದರೆ ಆ ಡೆಮೊಗಳಲ್ಲಿ ಹಲವು ನನ್ನ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ವಿಮರ್ಶೆಯ ಪಕ್ಕ ಒಂದು ಸಣ್ಣ ಚೌಕ ಇರುತ್ತಿತ್ತು: ಇಷ್ಟು ವೇಗದ ಪ್ರೊಸೆಸರ್, ಇಷ್ಟು ಮೆಮೊರಿ, ಇಂಥ ಗ್ರಾಫಿಕ್ಸ್ ಕಾರ್ಡ್. ಮೊದಲೆರಡು ಸಾಲು ಹೇಗೋ ದಾಟುತ್ತಿದ್ದೆ, ಮೂರನೆಯದರಲ್ಲಿ ಫೇಲು. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮಾತೆತ್ತಿದರೆ ಅಪ್ಪಾಜಿ ಕೊಬ್ಬರಿ ರೇಟು ಹೇಳುತ್ತಿದ್ದರು. ಹೀಗಾಗಿ ಓದೇ ಗತಿಯಾಯಿತು. ಆಮೇಲೆ ಅದೇ ಸುಖವೂ ಆಯಿತು.

ಜಗುಲಿಯ ಓದು

ಆ ಸುಖ ಎಂಥದು? ಒಂದು ಪುಟದಲ್ಲಿ ಆರು ಚಿತ್ರ ಇವೆಯೆನ್ನಿ. ಒಬ್ಬ ರಾಜಕುಮಾರ ಗೋಡೆಯ ಮೇಲೆ ಓಡುತ್ತಿದ್ದಾನೆ. ಮುಂದಿನ ಚಿತ್ರದಲ್ಲಿ ಕಂಬಕ್ಕೆ ಜೋತುಬಿದ್ದಿದ್ದಾನೆ. ಒಂದರಿಂದ ಇನ್ನೊಂದಕ್ಕೆ ಹೇಗೆ ಹೋದ? ಆ ನೆಗೆತವನ್ನು ಓದುವವನೇ ನೆಗೆಯಬೇಕು. ಸದ್ದು, ವೇಗ, ಕತ್ತಿಯ ಠಣಕಾರ ಎಲ್ಲ ನಮ್ಮ ಕೈಯಿಂದಲೇ ಹಾಕಿಕೊಳ್ಳಬೇಕು. ಎಷ್ಟೋ ವರ್ಷದ ಮೇಲೆ ಅದೇ ಆಟದ ವಿಡಿಯೊ ನೋಡಿದೆ. ಚೆನ್ನಾಗಿತ್ತು. ಆದರೆ ನನ್ನ ರಾಜಕುಮಾರ ಇನ್ನೂ ಎತ್ತರಕ್ಕೆ ನೆಗೆಯುತ್ತಿದ್ದ.

ಕಾಗದಕ್ಕೆ ಕರೆಂಟ್ ಬೇಡ ಎಂಬುದು ಹಳ್ಳಿಯಲ್ಲಿ ಸಣ್ಣ ಸಂಗತಿಯಲ್ಲ. ತ್ರೀಫೇಸ್ ಕೊಟ್ಟ ಹೊತ್ತಿಗೆ ಎಲ್ಲರೂ ತೋಟದ ಮೋಟರ್ ಹಾಕಲು ಓಡುತ್ತಿದ್ದೆವು. ಮನೆಯ ಕಂಪ್ಯೂಟರಿಗೆ ವೋಲ್ಟೇಜ್ ಸಾಲುತ್ತಿರಲಿಲ್ಲ. ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ಆ ಹೊತ್ತಿನಲ್ಲಿ ಎಮರ್ಜೆನ್ಸಿ ಲೈಟಿನ ಪಕ್ಕ ಪತ್ರಿಕೆ ಬಿಡಿಸಿಕೊಂಡು ಕೂತರೆ ಅಮ್ಮ ಎದುರಿಗೆ ಅವರೆಕಾಯಿ ಸುಲಿಯುತ್ತ, ‘ಗಟ್ಟಿಯಾಗಿ ಓದೋ, ನಮಗೂ ಕೇಳಲಿ’ ಅನ್ನುತ್ತಿದ್ದಳು. ಇಂಗ್ಲಿಷಿನ ವಿಮರ್ಶೆಯನ್ನು ಹಾಗೇ ಕನ್ನಡದ ಕಥೆ ಮಾಡಿ ಹೇಳುತ್ತಿದ್ದೆ.

ಒಮ್ಮೆ ಓದಿದ್ದು 2003ರಲ್ಲಿ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಆಟದ ವಿಮರ್ಶೆ. ಅದರಲ್ಲಿ ರಾಜಕುಮಾರನ ಕೈಗೆ ಒಂದು ಮಾಯದ ಕಠಾರಿ ಸಿಗುತ್ತದೆ. ಹಾರಲು ಹೋಗಿ ಬಿದ್ದು ಸತ್ತರೆ ಅದರಿಂದ ಕಾಲವನ್ನೇ ಕೊಂಚ ಹಿಂದಕ್ಕೆ ತಿರುಗಿಸಿ, ಬೀಳುವ ಮೊದಲಿನ ಜಾಗಕ್ಕೆ ಬಂದು ನಿಲ್ಲಬಹುದು. ಅಮ್ಮ ಕಾಯಿ ಸುಲಿಯುವುದು ನಿಲ್ಲಿಸಿ ಕೇಳಿ, ‘ಅಂಥ ಕತ್ತಿ ಒಂದು ಇದ್ದಿದ್ರೆ ನಿಮ್ಮಪ್ಪಾಜಿ ಕೊಬ್ಬರೀನ ಹೋದ ತಿಂಗಳ ರೇಟಿಗೇ ಮಾರ್ತಿದ್ರು’ ಅಂದಳು. ಆ ವಿಮರ್ಶಕ ಬರೆದ ಎಲ್ಲಕ್ಕಿಂತ ಆಟದ ಮರ್ಮವನ್ನು ಸರಿಯಾಗಿ ಹಿಡಿದದ್ದು ಆ ಮಾತು. ಆಟವನ್ನು ಒಬ್ಬರು ಆಡುವಾಗ ಉಳಿದವರು ಸುಮ್ಮನೆ ನೋಡಬೇಕು. ಓದುವಾಗ ಮಾತ್ರ ಮನೆಮಂದಿಯೆಲ್ಲ ಆಡಬಹುದು.

ನಂಬುವುದು, ನಂಬದಿರುವುದು

ಆಟದ ಪತ್ರಿಕೆಗಳು ನನಗೆ ಕಲಿಸಿದ ಇನ್ನೊಂದು ವಿದ್ಯೆ ಅನುಮಾನ. ಅಮೆರಿಕದ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’ 1992ರ ಏಪ್ರಿಲ್ ಸಂಚಿಕೆಯಲ್ಲಿ ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ಶೆಂಗ್ ಲಾಂಗ್ ಎಂಬ ಗುಪ್ತ ಮಲ್ಲನಿದ್ದಾನೆಂದು ಬರೆಯಿತು. ಒಂದೂ ಏಟು ತಿನ್ನದೆ ಕೊನೆಯ ಎದುರಾಳಿಯವರೆಗೆ ಹೋಗಿ, ಅವನಿಗೂ ಹೊಡೆಯದೆ, ಅವನಿಂದಲೂ ಹೊಡೆಸಿಕೊಳ್ಳದೆ ಸುತ್ತು ಸುತ್ತು ಸಮ ಮಾಡುತ್ತ ಹೋದರೆ ಶೆಂಗ್ ಲಾಂಗ್ ಬರುತ್ತಾನಂತೆ. ಪುರಾವೆಗೆ ಫೋಟೊ ಕೂಡ ಹಾಕಿದ್ದರು. ಊರೂರಿನ ಹುಡುಗರು ನಾಣ್ಯ ಹಾಕಿ ಹಾಕಿ ಸೋತರು. ಬೇರೆ ಪತ್ರಿಕೆಗಳೂ ನಂಬಿ ಅಚ್ಚು ಹಾಕಿದವು. ಆಮೇಲೆ ಗೊತ್ತಾಯಿತು, ಅದು ಏಪ್ರಿಲ್ ಫೂಲ್. ತಮಾಷೆಯೆಂದರೆ, 1994ರಲ್ಲಿ ಕ್ಯಾಪ್‌ಕಾಮ್ ಕಂಪನಿ ಅದೇ ಸರಣಿಯ ಮುಂದಿನ ಆಟದಲ್ಲಿ ಅಕುಮಾ ಎಂಬ ನಿಜವಾದ ಗುಪ್ತ ಮಲ್ಲನನ್ನು ಇಟ್ಟಿತು.

ಅಂಕಗಳ ಕಥೆಯೂ ಅಷ್ಟೇ. ಪತ್ರಿಕೆ ನಡೆಯುವುದು ಜಾಹೀರಾತಿನ ಮೇಲೆ; ಜಾಹೀರಾತು ಕೊಡುವವರು ಆಟದ ಕಂಪನಿಗಳು; ವಿಮರ್ಶೆಯಾಗುವುದು ಅವರದೇ ಆಟ. ಹತ್ತು ಸಂಚಿಕೆ ಓದಿದವನಿಗೆ ಅಂಕದ ಮರ್ಮ ತಿಳಿಯುತ್ತದೆ. ಹತ್ತಕ್ಕೆ ಏಳು ಎಂದರೆ ಶಾಲೆಯಲ್ಲಿ ಫಸ್ಟ್ ಕ್ಲಾಸ್, ಇಲ್ಲಿ ‘ಕೊಳ್ಳಬೇಡಿ’ ಎಂಬುದರ ಸಭ್ಯ ರೂಪ. ‘ಈ ಸರಣಿಯ ಅಭಿಮಾನಿಗಳಿಗೆ ಇಷ್ಟವಾದೀತು’ ಎಂದರೆ ಉಳಿದವರಿಗೆ ಆಗದು. ಮುಖಪುಟದಲ್ಲಿ ಯಾವ ಆಟ, ಹಿಂಬದಿಯ ಪೂರ್ಣಪುಟ ಜಾಹೀರಾತು ಯಾವ ಆಟದ್ದು ಎಂದು ಹೋಲಿಸಿ ನೋಡುವುದು ನನಗೊಂದು ಆಟವೇ ಆಗಿಬಿಟ್ಟಿತು. ಇವತ್ತು ಯೂಟ್ಯೂಬಿನಲ್ಲಿ ಯಾರಾದರೂ ಯಾವ ಮೊಬೈಲನ್ನಾದರೂ ವಿಪರೀತ ಹೊಗಳಿದರೆ ನನ್ನ ಕಣ್ಣು ತಾನಾಗಿ ಜಾಹೀರಾತು ಹುಡುಕುತ್ತದೆ.

ಉಳಿದವು, ಉಳಿಯಬೇಕಾದವು

ಈಗ ಇಂಥ ಪತ್ರಿಕೆಗಳು ಕಡಿಮೆಯಾಗಿವೆ. ದಾರಿ ತೋರಿಸುವ ಪುಟಗಳ ಕೆಲಸವನ್ನು ಯೂಟ್ಯೂಬ್ ಮಾಡುತ್ತದೆ, ಸಿ.ಡಿ.ಯ ಕೆಲಸವನ್ನು ಫೈಬರ್ ಇಂಟರ್ನೆಟ್ ಮಾಡುತ್ತದೆ. ‘ಫಾಮಿತ್ಸು’, ‘ಎಡ್ಜ್’ ಇನ್ನೂ ಅಚ್ಚಾಗುತ್ತಿವೆ. ಅಮೆರಿಕದಲ್ಲಿ 1991ರಿಂದ ಬರುತ್ತಿದ್ದ ‘ಗೇಮ್ ಇನ್ಫಾರ್ಮರ್’ ಪತ್ರಿಕೆಯ ಕಥೆ ಮಾತ್ರ ಎಲ್ಲರೂ ಕೇಳಬೇಕಾದದ್ದು. 2024ರ ಆಗಸ್ಟಿನಲ್ಲಿ ಅದರ ಮಾಲೀಕ ಕಂಪನಿ ಅದನ್ನು ಮುಚ್ಚಿತು. ಅದೇ ದಿನ ಅದರ ಜಾಲತಾಣದ ಬರಹವೆಲ್ಲ ಮಾಯ. ಒಂದು ವಿದಾಯದ ಪುಟ ಮಾತ್ರ ಉಳಿಯಿತು. ಮರುವರ್ಷ ಮಾರ್ಚಿನಲ್ಲಿ ಹೊಸ ಮಾಲೀಕರ ಕೈಯಲ್ಲಿ ಪತ್ರಿಕೆ ಮರಳಿ ಬಂತು, ಸಂತೋಷ. ಆದರೆ ಆ ನಡುವಿನ ತಿಂಗಳುಗಳಲ್ಲಿ ಅದರ ಹಳೆಯ ಲೇಖನ ಬೇಕಾದವರಿಗೆ ಸುಲಭವಾಗಿ ಸಿಗುತ್ತಿದ್ದದ್ದು ಯಾರದೋ ಮನೆಯ ಕಪಾಟಿನಲ್ಲಿದ್ದ ಕಾಗದದ ಸಂಚಿಕೆ.

ಆಟಗಳು ಪತ್ರಿಕೆಗಳಿಗಿಂತ ಬೇಗ ಕಾಣೆಯಾಗುತ್ತವೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಅವು ಹೇಗಿದ್ದವು, ಆಡಿದವರಿಗೆ ಏನನ್ನಿಸಿತು ಎಂಬುದಕ್ಕೆ ಪತ್ರಿಕೆಗಳೇ ದಾಖಲೆ. ಅದಕ್ಕೇ ಆ ಸಂಸ್ಥೆ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ 2025ರ ಜನವರಿಯಲ್ಲಿ ಡಿಜಿಟಲ್ ಗ್ರಂಥಾಲಯವೊಂದನ್ನು ಎಲ್ಲರಿಗೂ ತೆರೆಯಿತು. ಹಾಗಾಗಿ ರದ್ದಿಯವನು ಬಂದಾಗ ಇಂಥ ಪತ್ರಿಕೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಇಡುವುದು ಕಷ್ಟವಲ್ಲ. ನುಣುಪು ಕಾಗದಕ್ಕೆ ತೇವವೇ ಶತ್ರು. ಪುಟಗಳು ಒಂದಕ್ಕೊಂದು ಅಂಟಿದರೆ ಬಿಡಿಸಲಾಗದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ. ತುಕ್ಕು ಹಿಡಿದ ಪಿನ್ನು ತೆಗೆದು ದಾರ ಹಾಕಿ. ನಾನು ಟ್ರಂಕಿನ ತಳಕ್ಕೆ ಒಣಗಿದ ಬೇವಿನ ಸೊಪ್ಪು ಹಾಕುತ್ತೇನೆ, ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಸಿ.ಡಿ.ಗಳನ್ನು ಬೇರೆ ಇಡಬೇಕು, ಅಟ್ಟದ ಕಾವು ಅವಕ್ಕೆ ಆಗದು.

ನನ್ನ ಮಗಳು ಆಡುವುದೆಲ್ಲ ಮೊಬೈಲಿನಲ್ಲಿ. ಆದರೂ ಭಾನುವಾರ ಟ್ರಂಕು ಇಳಿದರೆ ಬಂದು ಕೂರುತ್ತಾಳೆ, ನಕ್ಷೆಯ ಮೇಲೆ ಬೆರಳಾಡಿಸುತ್ತಾಳೆ. ‘ಅಪ್ಪ, ಇವೆಲ್ಲ ಕನ್ನಡದಲ್ಲಿ ಯಾಕಿಲ್ಲ?’ ಎಂದು ಕೇಳಿದಳು. ಸಿನಿಮಾಕ್ಕೆ, ಕ್ರಿಕೆಟ್ಟಿಗೆ, ಅಡುಗೆಗೆ, ಜ್ಯೋತಿಷ್ಯಕ್ಕೆ ನಮ್ಮ ವಾರಪತ್ರಿಕೆಗಳಲ್ಲಿ ಪುಟ ಉಂಟು. ಆಟಗಳಿಗೆ ಮಾತ್ರ ಇಲ್ಲ. ಆಟ ತಯಾರಿಸುವ ಊರು ದೂರದ್ದೆಂದೂ ಹೇಳುವಂತಿಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್ ಈ ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. 2019ರಲ್ಲಿ ಅದನ್ನು ಕೊಂಡದ್ದು ಜಿ.ಟಿ.ಎ. ಆಟಗಳ ರಾಕ್‌ಸ್ಟಾರ್ ಕಂಪನಿ. ತಿಪಟೂರಿನಿಂದ ಮೂರು ಗಂಟೆಯ ದಾರಿಯಲ್ಲಿ ಜಗತ್ತಿನ ದೊಡ್ಡ ಆಟಗಳಿಗೆ ಕೆಲಸ ನಡೆಯುತ್ತಿದೆ. ಅಲ್ಲಿ ಕೂತು ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ತಾವೇನು ಮಾಡುತ್ತೇವೆಂದು ಊರಿನ ಅಪ್ಪ ಅಮ್ಮನಿಗೆ ವಿವರಿಸಲು ಕನ್ನಡದಲ್ಲಿ ಒಂದು ಪುಟ ಬರಹ ಹುಡುಕಬೇಕಾಗಿದೆ.

ಬೇರೆ ಪತ್ರಿಕೆಯೇ ಬೇಕೆಂದು ಹಟ ಹಿಡಿಯುವುದಿಲ್ಲ. ವಾರಪತ್ರಿಕೆಯೊಂದು ತಿಂಗಳಿಗೆ ಎರಡು ಪುಟ ಕೊಡಲಿ. ಒಂದು ಆಟದ ವಿಮರ್ಶೆ, ಒಂದು ನಕ್ಷೆ, ಆಟ ಮಾಡುವವರೊಬ್ಬರ ಮಾತು, ನಾಲ್ಕು ಪತ್ರ. ವಿಮರ್ಶೆ ಬರೆಯುವವರು ಓದುಗ ಆ ಆಟವನ್ನು ಎಂದೂ ಆಡದೆ ಇರಬಹುದು ಎಂದುಕೊಂಡೇ ಬರೆಯಲಿ. ಅವರೆಕಾಯಿ ಸುಲಿಯುತ್ತ ಕೇಳುವವರಿಗೂ ರುಚಿಸುವಂತೆ ಬರೆಯಲಿ. ಅಂಥ ಪುಟ ಶುರುವಾದರೆ ಮೊದಲ ಪತ್ರ ತಿಪಟೂರಿನಿಂದ ನಾನೇ ಹಾಕುತ್ತೇನೆ: ನೀವು ಕೊಟ್ಟ ಅಂಕ ಸರಿಯಿಲ್ಲ, ಒಂದು ಹೆಚ್ಚಾಯಿತು.